ಎರಡೂ ಕಣ್ಣು ಒಂದೇ ಬದಿಗಿರುವ ನಂಗು ಮೀನಿನ ಬಗ್ಗೆ

ಪ್ರಶ್ನೆ (ವಿರಾಜಪೇಟೆಯಿಂದ):
ಕಳೆದ ಭಾನುವಾರ ಇಲ್ಲಿನ ಮೀನು ಮಾರುಕಟ್ಟೆಯಲ್ಲಿ ನಾಲಗೆಯಂತೆ ಚಪ್ಪಟೆಯಾಗಿರುವ, ಒಂದು ಬದಿ ಕಂದು, ಇನ್ನೊಂದು ಬದಿ ಬಿಳಿಯಾಗಿರುವ ಸಣ್ಣ ಮೀನನ್ನು ಮೊದಲ ಬಾರಿಗೆ ಕೊಂಡೆ. ಮಾರುವವರು ಮಾಂದಳ್ ಎಂದರು. ಮಂಗಳೂರು ಕಡೆಯ ನೆರೆಮನೆಯವರು ಅದನ್ನೇ ನಂಗು ಎಂದರು. ಎರಡೂ ಕಣ್ಣುಗಳು ಕಂದು ಬದಿಯಲ್ಲೇ ಇದ್ದುದರಿಂದ ನಮ್ಮ ಅತ್ತೆಯವರು ಇದು ಯಾವುದೋ ಮೀನನ್ನು ಸೀಳಿದ ಅರ್ಧಭಾಗವೆಂದೇ ತಿಳಿದರು. ಇದು ಹುಟ್ಟುವಾಗಲೇ ಹೀಗಿರುತ್ತದೆಯೇ? ನಮ್ಮ ಕೊಡಗಿನ ಬರಪೊಳೆ ನದಿಯಲ್ಲೂ ಸಿಗಬಹುದೇ?

ಉತ್ತರ 1 (ಮಡಿಕೇರಿಯಿಂದ):
ಅದು ಇಡೀ ಮೀನೇ, ಅನುಮಾನ ಬೇಡ. ಮೊಟ್ಟೆಯಿಂದ ಹೊರಬಂದ ಮರಿಗೆ ಉಳಿದ ಮೀನುಗಳಂತೆಯೇ ತಲೆಯ ಎರಡು ಬದಿಗೂ ಒಂದೊಂದು ಕಣ್ಣಿರುತ್ತದೆ, ಅದು ನೆಟ್ಟಗೇ ಈಜುತ್ತದೆ. ಬೆಳೆಯುತ್ತಾ ಬಂದಂತೆ ತಲೆಬುರುಡೆಯೇ ತಿರುಚಿಕೊಂಡು ಒಂದು ಕಣ್ಣು ಮೆಲ್ಲನೆ ಇನ್ನೊಂದು ಬದಿಗೆ ಸರಿಯುತ್ತದೆ, ಆಮೇಲೆ ಮೀನು ಕಣ್ಣಿಲ್ಲದ ಬದಿಯನ್ನು ಕೆಳಗೆ ಮಾಡಿ ಕೆಸರಿನ ಮೇಲೆ ಒರಗಿಬಿಡುತ್ತದೆ. ನಂಗಿನಲ್ಲಿ ಸರಿಯುವುದು ಬಲಗಣ್ಣು; ಆದ್ದರಿಂದ ಎರಡೂ ಕಣ್ಣುಗಳು ಎಡಬದಿಯಲ್ಲಿ ಕಾಣುತ್ತವೆ. ಮೇಲಿನ ಬದಿಯ ಕಂದು ಬಣ್ಣ ಕೆಸರಿನೊಡನೆ ಬೆರೆತು ಅದನ್ನು ಮರೆಮಾಡುತ್ತದೆ. ಕೆಳಗಿನ ಬದಿಗೆ ಬಣ್ಣದ ಅಗತ್ಯವೇ ಇಲ್ಲವಲ್ಲ. ಪ್ರಾಣಿಶಾಸ್ತ್ರದಲ್ಲಿ ಇದರ ಕುಲಕ್ಕಿಟ್ಟಿರುವ ಸೈನೋಗ್ಲೋಸಸ್ ಎಂಬ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ನಾಯಿಯ ನಾಲಗೆ ಎಂದೇ ಅರ್ಥ.

ಉತ್ತರ 2 (ಸಂಪಾಜೆಯಿಂದ):
ಬರಪೊಳೆಯ ನೀರು ಕೇರಳದ ವಳಪಟ್ಟಣಂ ಹೊಳೆಯನ್ನು ಸೇರಿ ಅರಬ್ಬೀ ಸಮುದ್ರವನ್ನು ಮುಟ್ಟುತ್ತದೆ, ನಿಜ. ಆದರೆ ಈ ಜಾತಿಯ ಮೀನುಗಳಲ್ಲಿ ಕೆಲವು ಉಪ್ಪುನೀರಿನ ಭರತ ಏರುವ ಅಳಿವೆಯವರೆಗೆ ಬರುತ್ತವೆಯೇ ಹೊರತು, ಕಲ್ಲುಬಂಡೆಗಳ ಮೇಲೆ ಧುಮುಕುವ ನಮ್ಮ ಘಟ್ಟದ ಹೊಳೆಗಳಿಗೆ ಹತ್ತುವುದಿಲ್ಲ. ಅವುಗಳಿಗೆ ಬೇಕಾದುದು ಮೆತ್ತನೆಯ ಕೆಸರು ಮತ್ತು ಅದರೊಳಗಿನ ಹುಳುಗಳು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ, ಅದು ಮುಗಿದು ಬಲೆಗಳು ಮತ್ತೆ ಇಳಿದ ಮೇಲೆಯೇ ನಂಗು ಘಟ್ಟ ಹತ್ತಿ ನಮ್ಮಲ್ಲಿಗೆ ಹೇರಳವಾಗಿ ಬರುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಅತ್ತೆಯವರಿಗೆ ಓದಿ ಹೇಳಿದೆ. ಕಣ್ಣು ಸರಿಯುವ ಸಂಗತಿಯನ್ನು ಎರಡು ಸಲ ಕೇಳಿಸಿಕೊಂಡರು. ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿರಸ) ಹಾಕಿ ಸಾರು ಮಾಡಿದ್ದೆವು, ಆದರೆ ಸಿಪ್ಪೆ ಬಾಯಿಗೆ ಒರಟಾಗಿ ಸಿಕ್ಕಿತು.

ಉತ್ತರ 3 (ಸೋಮವಾರಪೇಟೆಯಿಂದ):
ಸಿಪ್ಪೆಯನ್ನು ಸುಲಿಯಲೇಬೇಕು. ತಲೆಯ ಬಳಿ ಕಂದು ಬದಿಯ ಚರ್ಮವನ್ನು ಚಾಕುವಿನಿಂದ ಸ್ವಲ್ಪ ಎಬ್ಬಿಸಿ, ಜಾರದಂತೆ ಬೆರಳಿಗೆ ಕಲ್ಲುಪ್ಪು ಹಚ್ಚಿಕೊಂಡು ಬಾಲದ ಕಡೆಗೆ ಎಳೆದರೆ ಒಂದೇ ಹಾಳೆಯಾಗಿ ಬಿಟ್ಟು ಬರುತ್ತದೆ. ಮಾಂಸ ಬಹಳ ಮೃದುವಾದ್ದರಿಂದ ಕಾಚಂಪುಳಿಯ ಸಾರಿಗೆ ಕೊನೆಯಲ್ಲಿ ಹಾಕಿ, ಸೌಟು ಆಡಿಸದೆ ಇಳಿಸಿರಿ.