ಪದಚರ್ಚೆ: ಕೋಳಿಯ ‘ಫೀಡ್’, ‘ಸಪ್ಲಿಮೆಂಟ್’, ‘ಗ್ರಿಟ್’ – ಫಲಕಕ್ಕೆ ಪದಗಳು ಬೇಕಾಗಿವೆ (ತುರ್ತು)

ತಿಪಟೂರಿನಿಂದ:

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಮ್ಮ ಊರಿನ ಮಹಿಳಾ ಸ್ವಸಹಾಯ ಸಂಘದವರು, ಹಿತ್ತಲಲ್ಲಿ ಐದು-ಹತ್ತು ಕೋಳಿ ಸಾಕುವವರಿಗಾಗಿ ಒಂದು ಸಣ್ಣ ಮಳಿಗೆ ತೆರೆಯುತ್ತಿದ್ದಾರೆ. ಅದರ ಗೋಡೆಯ ಮೇಲೆ ಬರೆಸಬೇಕಾದ ಒಕ್ಕಣೆಯನ್ನು ಪಶುವೈದ್ಯರೊಬ್ಬರು ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದು, ಅದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಪೇಂಟರ್ ನಾಡಿದ್ದು ಬೆಳಿಗ್ಗೆ ಬರುತ್ತಾರೆ. ಒಟ್ಟು ಏಳು ಸಾಲುಗಳಲ್ಲಿ ಮೂರು ಸಾಲು ಸಲೀಸಾಗಿ ಮುಗಿದವು; ಉಳಿದ ನಾಲ್ಕರಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ‘ಫೀಡ್’. ಮರಿಗೆ, ಎಳೆಕೋಳಿಗೆ, ಮೊಟ್ಟೆಕೋಳಿಗೆ ಎಂದು ಚೀಲದಲ್ಲಿ ಬರುವ ಮೂರು ಬಗೆಯ ಸಿದ್ಧ ಆಹಾರವಿದು. ಎರಡನೆಯದು ‘ಸಪ್ಲಿಮೆಂಟ್’, ಅಂದರೆ ಫೀಡಿನ ಜೊತೆಗೆ ಕೊಡುವ ಕ್ಯಾಲ್ಸಿಯಂ, ಖನಿಜ, ವಿಟಮಿನ್ ಮೊದಲಾದವು. ಮೂರನೆಯದೂ ನಾಲ್ಕನೆಯದೂ ಒಂದಕ್ಕೊಂದು ಅಂಟಿಕೊಂಡಿವೆ. ‘ಗ್ರಿಟ್’ ಎಂದರೆ ಕರಗದ ಸಣ್ಣ ಕಲ್ಲು. ಕೋಳಿಗೆ ಹಲ್ಲಿಲ್ಲದ ಕಾರಣ ಅದು ನುಂಗಿದ ಕಲ್ಲು ಅರೆಯುವ ಹೊಟ್ಟೆಯಲ್ಲಿ ನಿಂತು ಕಾಳನ್ನು ನುರಿಸುತ್ತದೆ. ‘ಆಯ್ಸ್ಟರ್ ಶೆಲ್’ ಎಂದರೆ ಒಳಗೆ ಹೋಗಿ ಕರಗುವ ಚಿಪ್ಪು. ಅದು ಮೊಟ್ಟೆಯ ಸಿಪ್ಪೆಗೆ ಒದಗುತ್ತದೆ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಆದರೆ ಅಂಗಡಿಗಳಲ್ಲಿ ಚಿಪ್ಪಿಗೂ ‘ಶೆಲ್ ಗ್ರಿಟ್’ ಎನ್ನುವುದರಿಂದ, ಕಲ್ಲು ಕೇಳಿದವರಿಗೆ ಚಿಪ್ಪೂ ಚಿಪ್ಪು ಕೇಳಿದವರಿಗೆ ಕಲ್ಲೂ ಸಿಗುತ್ತಿವೆ. ಈ ಗೊಂದಲ ಫಲಕದಲ್ಲಿ ಇರಬಾರದೆಂಬುದು ವೈದ್ಯರ ಒತ್ತಾಯ. ನಾನೂ ಎಂಟು ಗಿರಿರಾಜ ಕೋಳಿಗಳನ್ನು ಸಾಕಿದ್ದೇನಾದ್ದರಿಂದ ಅದು ನನ್ನ ಒತ್ತಾಯವೂ ಹೌದು.

ಮೈಸೂರಿನಿಂದ:

ಇಷ್ಟು ಉದ್ದದ ಪ್ರಶ್ನೆಯ ಅಗತ್ಯವಿರಲಿಲ್ಲ. ‘ಫೀಡ್’ ಕನ್ನಡವಲ್ಲ. ನಮ್ಮಲ್ಲಿ ಮೇವು ಇದೆ. ಸಾಯ್‌ನಿಂದ ಸಾವು, ನೋಯ್‌ನಿಂದ ನೋವು ಆದಂತೆ ಮೇಯ್‌ನಿಂದ ಮೇವು ಆಗಿದೆ. ಕೋಳಿ ಮೇಯುತ್ತದೆಂದು ಇಡೀ ನಾಡು ಹೇಳುವಾಗ ಕೋಳಿಮೇವು ಎಂಬ ಪದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ‘ಗ್ರಿಟ್’ಗೆ ಹರಳು. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಹಳಗನ್ನಡದ ಪರಲ್ ಎಂಬುದೇ ಹರಳಾಗಿದೆ; ತಮಿಳಿನಲ್ಲಿ ಇಂದಿಗೂ ಸಣ್ಣ ಕಲ್ಲಿಗೆ ಪರಲ್ ಎನ್ನುತ್ತಾರೆ. ಎರಡು ಸಾವಿರ ವರ್ಷ ಬಾಳಿದ ನುಡಿಯಲ್ಲಿ ಕಲ್ಲಿಗೆ ಪದವಿಲ್ಲವೆಂದು ಕೊರಗುವುದು ವಿಚಿತ್ರ. ಕ್ಯಾಲ್ಸಿಯಂಗೆ ಸುಣ್ಣ ಎನ್ನಿ. ‘ಸಪ್ಲಿಮೆಂಟ್’ಗೆ ಕೂಡುಣಿಸು ಎಂದು ಕಟ್ಟಿಕೊಳ್ಳಬಹುದು. ಪೂರಕ ಎಂಬ ಸಂಸ್ಕೃತದ ಗಂಟನ್ನು ದಯವಿಟ್ಟು ಹೊರಬೇಡಿ.

ಧಾರವಾಡದಿಂದ:

ಮೈಸೂರಿನ ರಾಯರು ಕೊಟ್ಟ ಪದಗಳು ಕಿವಿಗೆ ಇಂಪಾಗಿವೆ, ಆದರೆ ಕೋಳಿಗೆ ಅಪಾಯಕಾರಿಯಾಗಿವೆ. ಸುಣ್ಣದಿಂದ ಆರಂಭಿಸುತ್ತೇನೆ. ಚಿಪ್ಪಾಗಲಿ ಸುಣ್ಣದ ಕಲ್ಲಾಗಲಿ ಸುಡದೆ ಇದ್ದಾಗ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಕೋಳಿ ಹಾಯಾಗಿ ತಿಂದು ಅರಗಿಸಿಕೊಳ್ಳುತ್ತದೆ. ಅದನ್ನೇ ಗೂಡಿನಲ್ಲಿಟ್ಟು ಸುಟ್ಟು ನೀರು ಹಾಕಿ ಅರಳಿಸಿದರೆ ಬರುವುದು ಬೇರೆಯೇ ವಸ್ತು, ಬಾಯಿ ಸುಡುವ ವಸ್ತು. ಜನ ಸುಣ್ಣವೆಂದು ಕರೆಯುವುದು, ಎಲೆಗೆ ಸವರುವುದು, ಗೋಡೆಗೆ ಬಳಿಯುವುದು ಈ ಎರಡನೆಯದನ್ನು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂದ ಹಿರಿಯರಿಗೆ ಅದರ ಗುಣ ಗೊತ್ತಿತ್ತು. ಹಿಂದೆ ಒಂದು ಕರಪತ್ರದಲ್ಲಿ ‘ಮೊಟ್ಟೆಕೋಳಿಗೆ ಸುಣ್ಣ ಕೊಡಿ’ ಎಂದು ಅಚ್ಚಾಗಿದ್ದುದನ್ನು ನಂಬಿದ ನಮ್ಮ ಪಕ್ಕದ ಮನೆಯವರು, ಎಲೆಯಡಿಕೆಯ ಡಬ್ಬಿಯಿಂದಲೇ ಸುಣ್ಣ ತೆಗೆದು ಹಿಟ್ಟಿಗೆ ಕಲಸಿದರು. ಹೆಚ್ಚಿನ ಕೋಳಿಗಳು ಮೂತಿ ತಿರುಗಿಸಿದವು; ತಿಂದ ಎರಡರ ಬಾಯಿ ಹುಣ್ಣಾಯಿತು. ಆ ಕರಪತ್ರದ ಕನ್ನಡದಲ್ಲಿ ವ್ಯಾಕರಣದ ತಪ್ಪು ಒಂದೂ ಇರಲಿಲ್ಲ.

ಇನ್ನು ಮೇವು. ಕೋಳಿ ಮೇಯುತ್ತದೆ, ಒಪ್ಪಿದೆ. ಅದು ಮೇಯುವುದು ಅಂಗಳದಲ್ಲಿ, ತಿಪ್ಪೆಯ ಮೇಲೆ. ಚೀಲದಿಂದ ಸುರಿದದ್ದನ್ನು ಅದು ತಿನ್ನುತ್ತದೆ. ನಮ್ಮ ಕಡೆ ಮೇವಿನ ಅಂಗಡಿ ಎಂದು ಬೋರ್ಡು ಹಾಕಿದರೆ ಜನ ದನಕ್ಕೆ ಹಾಕುವ ಕಣಿಕೆಯ ಸಿವುಡು (ಜೋಳದ ದಂಟಿನ ಕಟ್ಟು) ಕೇಳಿಕೊಂಡು ಬರುತ್ತಾರೆ. ಬರಗಾಲದಲ್ಲಿ ಸರ್ಕಾರ ತೆರೆಯುವ ಮೇವು ಬ್ಯಾಂಕಿನಲ್ಲಿ ಕೋಳಿಯ ಆಹಾರ ಸಿಗುತ್ತದೆಯೇ?

ಪ್ರಶ್ನೆ ಕೇಳಿದ ಅಕ್ಕನವರಿಗೆ ಇನ್ನೊಂದು ಎಚ್ಚರಿಕೆ. ನಿಮ್ಮ ಒಕ್ಕಣೆಯಲ್ಲಿ ಎಲ್ಲಾದರೂ ಬರಿಯ ಜೋಳ ಎಂದಿದ್ದರೆ ಈಗಲೇ ತಿದ್ದಿ. ಫೀಡಿನಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಇರುವುದು ನಿಮ್ಮ ಮುಸುಕಿನ ಜೋಳ, ನಮ್ಮ ಗೋವಿನಜೋಳ; ಬರಿಯ ಜೋಳವೆಂದರೆ ನಮ್ಮಲ್ಲಿ ರೊಟ್ಟಿಯ ಬಿಳಿಜೋಳ. ಮೆಕ್ಕೆಜೋಳ ಎಂದರೆ ಎರಡೂ ಕಡೆಗೆ ನಡೆಯುತ್ತದೆ.

ಮೈಸೂರಿನಿಂದ:

ಒಬ್ಬರ ಮನೆಯ ಡಬ್ಬಿಯಲ್ಲಿ ಏನಾಯಿತೆಂಬುದರಿಂದ ಪದದ ಯೋಗ್ಯತೆ ನಿರ್ಧಾರವಾಗುವುದಿಲ್ಲ. ಹಾಲಿನಲ್ಲಿ ಸುಣ್ಣದ ಅಂಶವಿದೆ ಎಂದು ಕನ್ನಡದ ತಾಯಂದಿರು ಹೇಳುತ್ತ ಬಂದಿದ್ದಾರೆ, ಅದನ್ನು ಕೇಳಿ ಯಾರೂ ಹಾಲಿಗೆ ಸುಣ್ಣ ಕಲಸಲಿಲ್ಲ. ಪ್ರಶ್ನೆ ಇರುವುದು ಬೇರೆಡೆ. ಅಂಗಡಿಯವನು ಫೀಡ್ ಅನ್ನುತ್ತಾನೆ, ಆದ್ದರಿಂದ ನಾವೂ ಅನ್ನೋಣ ಎಂಬ ಶರಣಾಗತಿಯೇ ಕನ್ನಡವನ್ನು ಈ ಸ್ಥಿತಿಗೆ ತಂದಿದೆ. ಸುಣ್ಣದಂಥ ಅಚ್ಚಗನ್ನಡ ಪದವನ್ನು ಬಿಟ್ಟು ಕ್ಯಾಲ್ಸಿಯಂ ಎಂದು ಬರೆಯುವವರೊಂದಿಗೆ ವಾದಿಸುವ ಉತ್ಸಾಹ ನನಗಿಲ್ಲ.

ಬೆಂಗಳೂರಿನಿಂದ:

ಉತ್ಸಾಹವಿಲ್ಲದಿದ್ದರೂ ರಾಯರು ಇದೊಂದನ್ನು ಗಮನಿಸಬೇಕು. ಸುಣ್ಣ ಅಚ್ಚಗನ್ನಡವಲ್ಲ, ಸಂಸ್ಕೃತದ ಚೂರ್ಣ, ಪ್ರಾಕೃತದಲ್ಲಿ ಚುಣ್ಣವಾಗಿ ನಮ್ಮಲ್ಲಿ ಸುಣ್ಣವಾಯಿತೆಂಬುದನ್ನು ತದ್ಭವಗಳ ಪಟ್ಟಿ ಉರು ಹೊಡೆದ ಹೈಸ್ಕೂಲು ಮಕ್ಕಳೂ ಹೇಳುತ್ತಾರೆ. ಎರವಲು ಬೇಡವೆನ್ನುವವರು ಎಷ್ಟನೆಯ ಶತಮಾನದಿಂದ ಬೇಡವೆಂದು ಮೊದಲು ತಿಳಿಸಿದರೆ ಚರ್ಚೆಗೆ ಅನುಕೂಲ. ಬೂಸಾ ಕೂಡ ಹಿಂದಿಯಿಂದ ಬಂದದ್ದೇ. 1973ರಲ್ಲಿ ಸಚಿವ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದಾಗ ಜನ ಬೀದಿಗಿಳಿದದ್ದು ಆ ಪದದ ಅರ್ಥಕ್ಕೇ ಹೊರತು ಅದು ಎರವಲೆಂಬ ಕಾರಣಕ್ಕಲ್ಲ. ದನ ತಿನ್ನುವ ಬೂಸಾಕ್ಕೆ ಕನ್ನಡದಲ್ಲಿ ಇರುವ ಹಕ್ಕು ಕೋಳಿ ತಿನ್ನುವ ಫೀಡಿಗೆ ಏಕಿಲ್ಲ?

‘ಪೂರಕ ಆಹಾರ’ ಬೇಡವೆಂಬುದನ್ನು ನಾನೂ ಒಪ್ಪುತ್ತೇನೆ, ಆದರೆ ಅದು ಸಂಸ್ಕೃತವೆಂಬ ಕಾರಣಕ್ಕಲ್ಲ. ಆ ಮಾತು ಈಗಾಗಲೇ ಅಂಗನವಾಡಿಯ ಪಾಲಾಗಿದೆ. ಆರು ತಿಂಗಳು ತುಂಬಿದ ಮಗುವಿಗೆ ಎದೆಹಾಲಿನ ಜೊತೆ ಕೊಡುವುದನ್ನು ಪೂರಕ ಆಹಾರವೆಂದು ಆರೋಗ್ಯ ಇಲಾಖೆ ಗೋಡೆಗೋಡೆಯ ಮೇಲೆ ಬರೆಸಿದೆ. ಸಂಘದ ಹೆಂಗಸರು ಆ ಗೋಡೆಗಳನ್ನು ಓದಿದವರು.

ತಿಪಟೂರಿನಿಂದ:

ಉತ್ತರಿಸಿದ ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಹರಳು ನನಗೆ ಬಹಳ ಹಿಡಿಸಿತ್ತು. ಚಿಕ್ಕದು, ಬರೆಯಲು ಸುಲಭ, ಅಕ್ಷರದ ಲೆಕ್ಕದಲ್ಲಿ ಕೂಲಿ ಕೇಳುವ ಪೇಂಟರಿಗೂ ಹೊಂದುವಂಥದ್ದು. ‘ಕೋಳಿಗೆ ಹರಳು ಹಾಕಿ’ ಎಂದು ಕರಡಿನಲ್ಲಿ ಬರೆದು ನಿನ್ನೆ ರಾತ್ರಿ ನಮ್ಮ ಅತ್ತೆಯವರಿಗೆ ಓದಿ ಹೇಳಿದೆ. ಅವರು ಹೂಬತ್ತಿ ಹೊಸೆಯುತ್ತಿದ್ದವರು ಕೈ ನಿಲ್ಲಿಸಿ, “ಹರಳು ತಿಂದ್ರೆ ಕೋಳಿ ಸಾಯಾಕಿಲ್ವೇನೇ?” ಎಂದರು. ನಮ್ಮ ಸೀಮೆಯಲ್ಲಿ ಹರಳು ಎಂದರೆ ಮೊದಲು ನೆನಪಾಗುವುದು ಹರಳೆಣ್ಣೆಯ ಬೀಜ, ಉತ್ತರದವರ ಔಡಲ. ಅದರಲ್ಲಿರುವ ರಿಸಿನ್ ಎಂಬ ವಿಷ ಕೋಳಿಗೂ ವಿಷವೇ, ದನಕ್ಕೂ ವಿಷವೇ. ಮೈಸೂರಿನ ಸರ್ ಕೊಟ್ಟ ಪರಲ್‌ನ ವ್ಯುತ್ಪತ್ತಿಯಲ್ಲಿ ದೋಷವಿಲ್ಲ, ಆದರೆ ಗೋಡೆಯ ಮೇಲೆ ವ್ಯುತ್ಪತ್ತಿಯನ್ನೂ ಬರೆಸಲಾಗುವುದಿಲ್ಲವಲ್ಲ.

ಧಾರವಾಡದವರು ಹೇಳಿದಂತೆ ಜೋಳವನ್ನು ಮೆಕ್ಕೆಜೋಳವೆಂದು ತಿದ್ದಿದ್ದೇನೆ. ಇನ್ನೊಂದು ತೊಡಕು ಉಳಿದಿದೆ. ಫೀಡು ಮ್ಯಾಶ್, ಕ್ರಂಬಲ್, ಪೆಲೆಟ್ ಎಂಬ ಮೂರು ರೂಪಗಳಲ್ಲಿ ಬರುತ್ತದೆ. ಹಿಟ್ಟು, ನುಚ್ಚು, ಗುಳಿಗೆ ಎಂದು ಬರೆದು ಬೀಗಿದ್ದೆ. ಆದರೆ ನುಚ್ಚೆಂದರೆ ಅಕ್ಕಿನುಚ್ಚೆಂದು ತಿಳಿಯುತ್ತಾರೆ, ಅದನ್ನೂ ಕೋಳಿಗೆ ಹಾಕುವುದುಂಟು. ಗುಳಿಗೆಯೆಂದರೆ ಜಂತುಹುಳುವಿನ ಮಾತ್ರೆ ಎಂದುಕೊಳ್ಳುತ್ತಾರೆ, ಅದೂ ಅದೇ ಮಳಿಗೆಯಲ್ಲಿ ಮಾರಾಟಕ್ಕಿರುತ್ತದೆ.

ಕುಂದಾಪುರದಿಂದ:

ರೂಪಗಳನ್ನು ಫಲಕದಿಂದಲೇ ಕೈಬಿಡಿ. ಚೀಲ ತೆರೆದಿಟ್ಟರೆ ಹಿಟ್ಟೋ ಹರಳು ಹರಳೋ ಎಂದು ಕಣ್ಣಿಗೆ ಕಾಣುತ್ತದೆ. ಫಲಕದಲ್ಲಿ ಬರಬೇಕಾದದ್ದು ಕಣ್ಣಿಗೆ ಕಾಣದ ಸಂಗತಿ, ಅಂದರೆ ಯಾವ ಚೀಲ ಯಾವ ವಯಸ್ಸಿಗೆ ಎಂಬುದು. ಮೊಟ್ಟೆಕೋಳಿಯ ಫೀಡಿನಲ್ಲಿ ಪ್ರೋಟೀನು ಶೇಕಡಾ 16ರಿಂದ 18ರಷ್ಟು, ಕ್ಯಾಲ್ಸಿಯಂ ಶೇಕಡಾ 3.5ರಿಂದ 4ರಷ್ಟು ಇರುತ್ತದೆ. ಮರಿಗೆ ಬೇಕಾದ ಕ್ಯಾಲ್ಸಿಯಂ ಶೇಕಡಾ 1ರ ಆಸುಪಾಸು ಮಾತ್ರ. ಮೊಟ್ಟೆಕೋಳಿಯ ಚೀಲವನ್ನೇ ಮರಿಗಳಿಗೂ ಸುರಿದರೆ ಮೂತ್ರಪಿಂಡ ಕೆಡುತ್ತದೆ. ಹೀಗಿರುವಾಗ ‘ಮೇವು’ ಎಂಬ ಒಂದೇ ಪದದ ಕೆಳಗೆ ಮೂರನ್ನೂ ತುಂಬುವುದು ಸರಿಯಲ್ಲ. ನೀವು ಪ್ರಶ್ನೆಯಲ್ಲೇ ಬರೆದ ಮರಿ, ಎಳೆಕೋಳಿ, ಮೊಟ್ಟೆಕೋಳಿ ಎಂಬ ಪದಗಳು ನನಗೆ ಈ ಇಡೀ ಚರ್ಚೆಯಲ್ಲಿ ಬಂದ ಅತ್ಯುತ್ತಮ ಕನ್ನಡವಾಗಿ ಕಂಡವು. ಅವುಗಳ ಮುಂದೆ ಫೀಡ್ ಎಂದಿದ್ದರೂ ನನಗೆ ತಕರಾರಿಲ್ಲ.

ಚಿಪ್ಪಿನ ವಿಷಯದಲ್ಲಿ ಕರಾವಳಿಯವನಾಗಿ ಒಂದು ಮಾತು. ಆಯ್ಸ್ಟರ್ ಎಂಬುದಕ್ಕೆ ನಮ್ಮ ತೀರದಲ್ಲಿ ಹತ್ತು ಮೈಲಿಗೊಂದು ಹೆಸರಿದೆ. ಅವುಗಳಲ್ಲಿ ಯಾವುದನ್ನು ಬರೆದರೂ ತಿಪಟೂರಿಗೆ ಪ್ರಯೋಜನವಿಲ್ಲ. ಕಪ್ಪೆಚಿಪ್ಪು ಎಂದರೆ ಘಟ್ಟದ ಮೇಲೂ ಕೆಳಗೂ ಎಲ್ಲರಿಗೂ ತಿಳಿಯುತ್ತದೆ, ಅದು ಕಪ್ಪೆಯದೂ ಅಲ್ಲ ಎಂಬ ಕುಚೋದ್ಯವನ್ನು ಯಾರೂ ಆರಂಭಿಸದಿದ್ದರೆ ಸಾಕು. ‘ಕಪ್ಪೆಚಿಪ್ಪಿನ ಚೂರು’ ಎನ್ನಿ. ಪುಡಿ ಎನ್ನಬೇಡಿ, ನುಣುಪಾದ ಪುಡಿ ಬೇಗ ಕರಗಿ ಹೋಗುತ್ತದೆ, ಚೂರಾಗಿದ್ದರೆ ರಾತ್ರಿಯೆಲ್ಲ ನಿಧಾನವಾಗಿ ಕರಗುತ್ತದೆ. ಸಿಪ್ಪೆ ಕಟ್ಟುವುದು ಹೆಚ್ಚಾಗಿ ರಾತ್ರಿಯಲ್ಲೇ.

ಧಾರವಾಡದಿಂದ:

‘ಗ್ರಿಟ್’ಗೆ ಗರಸು ಎಂದು ಸೂಚಿಸಲು ಹೊರಟಿದ್ದೆ, ನಮ್ಮಲ್ಲಿ ಅದು ರಸ್ತೆಗೆ ಹಾಕುವ ಮಣ್ಣು ಬೆರೆತ ಕಲ್ಲಾದ್ದರಿಂದ ನಾನೇ ಹಿಂದೆಗೆದುಕೊಂಡಿದ್ದೇನೆ. ಕಲ್ಲಿನ ಚೂರು ಎಂದರೆ ಚಿಪ್ಪಿನ ಚೂರಿಗೆ ಜೊತೆಯಾಗುತ್ತದೆ. ಅಂಗಳದಲ್ಲಿ ಬಿಟ್ಟು ಸಾಕಿದ ಕೋಳಿ ತನಗೆ ಬೇಕಾದ ಕಲ್ಲನ್ನು ತಾನೇ ಹೆಕ್ಕಿಕೊಳ್ಳುತ್ತದೆ. ಕೂಡಿಹಾಕಿ ಇಡಿಯ ಕಾಳು, ಸೊಪ್ಪು ಹಾಕುವವರು ಮಾತ್ರ ಕೊಡಬೇಕು ಎಂಬುದನ್ನೂ ಸೇರಿಸಿ. ಇಲ್ಲದಿದ್ದರೆ ಸಂಘ ಕಲ್ಲು ಮಾರಿ ದುಡ್ಡು ಮಾಡಿತೆಂಬ ಮಾತು ಬಂದೀತು.

ರಾಗಿಯಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇದೆ, ಚಿಪ್ಪು ಏಕೆಂದು ನಿಮ್ಮ ಸೀಮೆಯವರು ಕೇಳಿಯೇ ಕೇಳುತ್ತಾರೆ. ನೂರು ಗ್ರಾಂ ರಾಗಿಯಲ್ಲಿರುವುದು ಗ್ರಾಂನ ಮೂರನೆಯ ಒಂದು ಭಾಗದಷ್ಟು. ಒಂದು ಮೊಟ್ಟೆಯ ಸಿಪ್ಪೆಗೆ ಸುಮಾರು 2 ಗ್ರಾಂ ಬೇಕು. ಕೋಳಿ ದಿನಕ್ಕೆ ತಿನ್ನುವುದೇ 100ರಿಂದ 120 ಗ್ರಾಂ. ಲೆಕ್ಕ ಅವರೇ ಹಾಕಿಕೊಳ್ಳಲಿ.

ಮೈಸೂರಿನಿಂದ:

‘ಕೂಡುಣಿಸು’ವಿನ ಬಗ್ಗೆ ಯಾರೂ ಒಂದು ಮಾತೂ ಆಡಿಲ್ಲ.

ಬೆಂಗಳೂರಿನಿಂದ:

ಆಡುವುದು ಬೇಡವೆಂದೇ ಆಡಿರಲಿಲ್ಲ.

ತಿಪಟೂರಿನಿಂದ:

ಸರ್, ಕೂಡುಣಿಸು ಚೆನ್ನಾಗಿಯೇ ಇದೆ. ಆದರೆ ಕೂಡುಣಿಸು ಎಂದು ಓದಿದವರು ಒಳಗೆ ಬಂದು ‘ಅಂದರೆ ಏನು?’ ಎಂದು ಕೇಳಿದರೆ ಮಾರುವವರು ‘ಚಿಪ್ಪು, ಮಿನರಲ್ ಮಿಕ್ಸ್ಚರು’ ಎಂದೇ ಹೇಳಬೇಕಾಗುತ್ತದೆ. ಹಾಗಾಗಿ ಒಟ್ಟಾರೆ ಹೆಸರಿನ ಗೊಡವೆಗೇ ಹೋಗದೆ ವಸ್ತುಗಳ ಹೆಸರನ್ನೇ ಬರೆಸುತ್ತಿದ್ದೇನೆ. ಖನಿಜ ಮಿಶ್ರಣ ಎಂಬುದು ಹಾಲಿನ ಡೇರಿಯಿಂದಾಗಿ ಹಳ್ಳಿಗಳಲ್ಲಿ ಚಿರಪರಿಚಿತ. ಆ ಪರಿಚಯದಿಂದಲೇ ಹಸುವಿಗೆ ತಂದದ್ದನ್ನು ಕೋಳಿಗೂ ಹಾಕುವ ಸಂಭವವಿರುವುದರಿಂದ ‘ಕೋಳಿಯ ಖನಿಜ ಮಿಶ್ರಣ’ ಎಂದು ಒಂದು ಪದ ಹೆಚ್ಚಿಸಿದ್ದೇನೆ. ವೈದ್ಯರಿಗೆ ತೋರಿಸಿ ಒಪ್ಪಿಗೆ ಪಡೆದ ನಾಲ್ಕು ಸಾಲುಗಳು ಹೀಗಿವೆ:

ಮರಿ ಫೀಡ್, ಎಳೆಕೋಳಿ ಫೀಡ್, ಮೊಟ್ಟೆಕೋಳಿ ಫೀಡ್ – ಒಂದರ ಬದಲು ಇನ್ನೊಂದನ್ನು ಹಾಕಬೇಡಿ.
ಮೊಟ್ಟೆಯ ಸಿಪ್ಪೆ ಗಟ್ಟಿಯಾಗಲು ಕಪ್ಪೆಚಿಪ್ಪಿನ ಚೂರು – ಫೀಡಿಗೆ ಬೆರೆಸದೆ ಬೇರೆ ಬಟ್ಟಲಲ್ಲಿ ಇಡಿ. ಎಲೆಗೆ ಹಾಕುವ ಸುಣ್ಣ ಕೊಡಬೇಡಿ.
ಕಾಳು ಅರೆಯಲು ಕಲ್ಲಿನ ಚೂರು – ಕೂಡಿಹಾಕಿ ಸಾಕುವ ಕೋಳಿಗೆ ಮಾತ್ರ.
ಕೋಳಿಯ ಖನಿಜ ಮಿಶ್ರಣ, ವಿಟಮಿನ್ – ಚೀಲದ ಫೀಡ್ ಹಾಕುವವರು ವೈದ್ಯರನ್ನು ಕೇಳದೆ ಕೊಡಬೇಡಿ.

ಪೇಂಟರ್ ಬಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಾರೆ. ‘ಫೀಡ್’ನ ಫ ಅಕ್ಷರದ ಕೆಳಗೆ ಎರಡು ಚುಕ್ಕೆ ಇಡಬೇಕೇ ಎಂದು ಕೇಳುತ್ತಿದ್ದಾರೆ. ಯಾರಾದರೂ ಬೇಗ ತಿಳಿಸಿ.

ಮೈಸೂರಿನಿಂದ:

ಬೇಡ. ಇಟ್ಟರೂ ಜನ ‘ಪೀಡು’ ಎಂದೇ ಓದುತ್ತಾರೆ.