ಸಹಾಯ ಬೇಕು: ಉರುಳಿಗೆ ಸಿಕ್ಕ ಕಾಡುಕುರಿ ಏಳುತ್ತಿಲ್ಲ

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಹಂದಿಗೆ ಅಂತ ಯಾರೋ ತೋಟದ ಅಂಚಿಗೆ ಕಟ್ಟಿದ್ದ ತಂತಿ ಉರುಳಿಗೆ ಸಂಜೆ ಕಾಡುಕುರಿ (ಬೊಗಳುವ ಸಣ್ಣ ಜಿಂಕೆ) ಸಿಕ್ಕಿಬಿದ್ದಿತ್ತು. ನಮ್ಮ ದೊಡ್ಡಪ್ಪ, ಪಕ್ಕದ ಮನೆ ಅಜ್ಜ ಇಬ್ಬರೂ ಒಂದು ಕಾಲದಲ್ಲಿ ಶಿಕಾರಿ ಮಾಡಿದವರು. ಅವರೇ ಓಡಿಬಂದು ಅದರ ಕಣ್ಣಿಗೆ ಟವೆಲ್ ಮುಚ್ಚಿ ತಂತಿ ಕತ್ತರಿಸಿದರು. ಅಜ್ಜನ ಕೈ ನಡುಗುತ್ತಿತ್ತು.

ಹಿಂಗಾಲಿಗೆ ಗಾಯವಾಗಿದೆ. ಏದುಸಿರು ಬಿಡುತ್ತಿದೆ. ನೀರಿಟ್ಟರೂ ಮುಟ್ಟಲಿಲ್ಲ. ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿದ್ದೇವೆ, ಬರಲು ಎರಡು ಗಂಟೆಯಾದರೂ ಬೇಕಂತೆ.

ಜಿಂಕೆ ಜಾತಿ ಹೆದರಿಕೆಗೇ ಸಾಯುತ್ತದೆ, ಮುಟ್ಟಬೇಡಿ ಅಂತಾರೆ ದೊಡ್ಡಪ್ಪ. ಆದರೆ ಅಲ್ಲೇ ಬಿಟ್ಟರೆ ಊರ ನಾಯಿಗಳು ಸುಮ್ನಿರಲ್ಲ. ಇಲಾಖೆಯವರು ಬರುವವರೆಗೆ ಕತ್ತಲೆ ಕೊಟ್ಟಿಗೆಗೆ ಎತ್ತಿ ಒಯ್ಯಬೇಕಾ, ಅಲ್ಲೇ ಬಿಟ್ಟು ದೂರದಿಂದ ಕಾಯಬೇಕಾ? ಗಾಯ ತೊಳೆಯಬಹುದಾ? ಗೊತ್ತಿದ್ದವರು ದಯವಿಟ್ಟು ಬೇಗ ಹೇಳಿ.