ಕಿವಿಗೆ ಚುಚ್ಚುವ ಗಿಟಾರ್ ಆಂಪ್‌ನಿಂದ ಹಳೆಯ ರಾಕ್ ನಾದ ಪಡೆಯುವುದು ಹೇಗೆ? (ಪ್ರಶ್ನೋತ್ತರ)

ಪ್ರಶ್ನೆ (ದಾವಣಗೆರೆ, ವಿದ್ಯಾನಗರದ ಸದಸ್ಯರು):

ನಮಸ್ಕಾರ ಸರ್. ಎರಡು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಒಬ್ಬರಿಂದ 15 ವ್ಯಾಟ್‌ನ, 12 ಇಂಚಿನ ಒಂದೇ ಸ್ಪೀಕರ್ ಇರುವ ವಾಲ್ವ್ ಆಂಪ್ (ಗಾಜಿನ ವಾಲ್ವ್‌ಗಳಿಂದ ಗಿಟಾರ್‌ನ ಸದ್ದನ್ನು ಹೆಚ್ಚಿಸುವ ಪೆಟ್ಟಿಗೆ) ಅನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡುಕೊಂಡೆ. ಗಿಟಾರ್ ಸ್ಟ್ರ್ಯಾಟೊಕಾಸ್ಟರ್ ಮಾದರಿಯದು. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ಗಳು ಮೂರೂ ಸಿಂಗಲ್ ಕಾಯಿಲ್, ಅಂದರೆ ಒಂಟಿ ಸುರುಳಿಯವು. 1970ರ ಆಸುಪಾಸಿನ ಬ್ರಿಟಿಷ್ ರಾಕ್‌ನಲ್ಲಿ ಕೇಳುವಂಥ ತುಂಬಿದ, ದುಂಡನೆಯ ನಾದ ಬೇಕೆಂಬುದು ನನ್ನ ಆಸೆ. ಆದರೆ ಬ್ರಿಜ್ ಪಿಕಪ್‌ನಲ್ಲಿ (ತಂತಿಗಳ ಕೆಳತುದಿಯ ಬಳಿಯದು) ನುಡಿಸಿದರೆ ತಗಡಿನ ಮೇಲೆ ಮೊಳೆ ಎಳೆದಂತೆ ಕೇಳಿಸುತ್ತದೆ. ಟ್ರೆಬಲ್ ನಾಬನ್ನು ಸೊನ್ನೆಗೆ ಇಳಿಸಿದರೆ ಚುಚ್ಚುವುದು ನಿಲ್ಲುತ್ತದೆ, ಜೊತೆಗೆ ನಾದದ ಜೀವವೂ ಹೋಗುತ್ತದೆ. ಮನೆಯಲ್ಲಿ ವಾಲ್ಯೂಮ್ 2ಕ್ಕಿಂತ ಮೇಲೆ ಹೋಗುವಂತಿಲ್ಲ. ಆಂಪ್ ಅನ್ನು ಮೇಜಿನ ಮೇಲಿಟ್ಟು, ಎದುರಿಗೆ ಕುರ್ಚಿ ಹಾಕಿಕೊಂಡು ಅಭ್ಯಾಸ ಮಾಡುತ್ತೇನೆ. ಸ್ಪೀಕರ್ ಬದಲಿಸಿದರೆ ಸರಿಹೋಗುವುದೆಂದು ಗೆಳೆಯರು ಹೇಳುತ್ತಾರೆ. ಅಷ್ಟು ಹಣ ಸುರಿಯುವ ಮುನ್ನ ನಿಮ್ಮ ಅಭಿಪ್ರಾಯ ಬೇಕಾಗಿದೆ.

ಉತ್ತರ:

ನಮಸ್ಕಾರ. ಸ್ಪೀಕರ್ ಬದಲಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಆ ಚೂಪು ಎಲ್ಲಿಂದ ಹುಟ್ಟುತ್ತಿದೆ ಎಂಬುದನ್ನು ಮೊದಲು ಗುರುತಿಸಬೇಕು. ಏಕೆಂದರೆ ಗಿಟಾರ್, ಕೇಬಲ್, ಆಂಪ್, ಸ್ಪೀಕರ್, ಕೋಣೆ ಈ ಐದರಲ್ಲಿ ಯಾವುದು ಬೇಕಾದರೂ ಕಾರಣವಾಗಿರಬಹುದು, ಮತ್ತು ಒಂದರ ತಪ್ಪನ್ನು ಇನ್ನೊಂದರಲ್ಲಿ ತಿದ್ದಲು ಹೋದಾಗಲೇ ನೀವು ಹೇಳಿದ ಹಾಗೆ ನಾದದ ಜೀವ ಹೋಗುತ್ತದೆ.

ನಿಮ್ಮ ಬರಹದಲ್ಲಿ ನನ್ನ ಗಮನ ಸೆಳೆದದ್ದು ಮೇಜಿನ ವಿಷಯ. 12 ಇಂಚಿನ ಸ್ಪೀಕರ್ ತಗ್ಗಿನ ಸ್ವರಗಳನ್ನು ಎಲ್ಲ ಕಡೆಗೂ ಹರಡುತ್ತದೆ, ಆದರೆ ಸುಮಾರು 2000 ಹರ್ಟ್ಜ್‌ನಿಂದ ಮೇಲಿನದ್ದನ್ನು ಟಾರ್ಚಿನ ಬೆಳಕಿನಂತೆ ನೇರವಾಗಿ ಮುಂದಕ್ಕೆ ಎಸೆಯುತ್ತದೆ. ಮೇಜಿನ ಮೇಲಿಟ್ಟ ಸ್ಪೀಕರಿನ ನಡುಭಾಗ ಕುರ್ಚಿಯಲ್ಲಿ ಕುಳಿತವರ ಕಿವಿಗೆ ಸರಿಯಾಗಿ ಎದುರಾಗುತ್ತದೆ. ಇಂದು ಸಂಜೆ ಒಂದು ಪರೀಕ್ಷೆ ಮಾಡಿ: ಗೆಳೆಯರೊಬ್ಬರಿಗೆ ಗಿಟಾರ್ ಕೊಟ್ಟು ಒಂದೇ ಕಾರ್ಡನ್ನು ಬಿಡದೆ ಬಾರಿಸಲು ಹೇಳಿ, ನೀವು ಸ್ಪೀಕರಿನ ಎದುರಿನಿಂದ ನಿಧಾನವಾಗಿ ಪಕ್ಕಕ್ಕೆ ಸರಿಯಿರಿ. ಮೂರು ಹೆಜ್ಜೆಯಲ್ಲಿ ಆ ಮೊಳೆಯ ಸದ್ದು ಕರಗಿದರೆ ದೋಷದ ಒಂದು ಪಾಲು ಆಂಪ್ ಇಟ್ಟ ಜಾಗದ್ದೇ. ಆಗ ಅದನ್ನು ನೆಲಕ್ಕಿಳಿಸಿ, ನಿಮ್ಮ ಕುರ್ಚಿಯ ಪಕ್ಕಕ್ಕೆ ಮುಖ ಮಾಡಿ ಇಡಿ.

ಎರಡನೆಯದು ವಾಲ್ಯೂಮ್ 2ರಲ್ಲಿ ನಿಂತಿರುವುದು. ಇಂಥ ಅನೇಕ ಆಂಪ್‌ಗಳಲ್ಲಿ ವಾಲ್ಯೂಮ್ ಪಾಟ್‌ಗೆ (ನಾಬ್‌ನ ಹಿಂದಿರುವ, ತಿರುಗಿಸುವ ಭಾಗ) ಅಡ್ಡಲಾಗಿ ‘ಬ್ರೈಟ್ ಕೆಪಾಸಿಟರ್’ ಎಂಬ ಪುಟ್ಟ ಬಿಡಿಭಾಗವೊಂದನ್ನು ಬೆಸೆದಿರುತ್ತಾರೆ. ನಾಬನ್ನು ಇಳಿಸಿದಾಗ ಉಳಿದ ಸ್ವರಗಳು ತಗ್ಗುತ್ತವೆ, ಎತ್ತರದ ಸ್ವರಗಳು ಮಾತ್ರ ಈ ಕೆಪಾಸಿಟರ್ ಮೂಲಕ ನುಸುಳಿ ಮುಂದಕ್ಕೆ ಹೋಗುತ್ತವೆ; ನಾಬನ್ನು ಏರಿಸುತ್ತ ಹೋದಂತೆ ಅದರ ಪ್ರಭಾವ ಕುಗ್ಗಿ, ಪೂರ್ತಿ ಏರಿಸಿದಾಗ ಇಲ್ಲವೇ ಇಲ್ಲ ಎನ್ನುವಂತಾಗುತ್ತದೆ. ಫೆಂಡರ್‌ನ 1960ರ ದಶಕದ ಹಲವು ಮಾದರಿಗಳಲ್ಲಿ ಇದು 120 ಪಿಕೋಫ್ಯಾರಡ್‌ನಷ್ಟಿದ್ದರೆ (ಕೆಪಾಸಿಟರ್‌ನ ಅಳತೆ), ಮಾರ್ಷಲ್ ಸೂಪರ್ ಲೀಡ್‌ನ ಕೆಲವು ಆವೃತ್ತಿಗಳಲ್ಲಿ 5000ದವರೆಗೂ ಇತ್ತು. ವೇದಿಕೆಯ ಮೇಲೆ ವಾಲ್ಯೂಮನ್ನು 7–8ರಲ್ಲಿಟ್ಟು ನುಡಿಸುತ್ತಿದ್ದವರಿಗೆ ಅದು ತೊಂದರೆ ಕೊಡಲಿಲ್ಲ. ನೀವು ಕೇಳಿ ಮೆಚ್ಚಿದ ನಾದ ಅವರು ಹಾಗೆ ಏರಿಸಿ ನುಡಿಸಿದಾಗ ಬಂದದ್ದು. ಅದೇ ಬಗೆಯ ಆಂಪ್ ಮನೆಯ ಕೋಣೆಯಲ್ಲಿ 2ರಲ್ಲಿ ನಿಂತಾಗ ಬರುವುದು ಬೇರೆಯದೇ ಆದ ನಾದ. ಸದ್ದು ಕಡಿಮೆಯಿದ್ದಾಗ ನಮ್ಮ ಕಿವಿಯೂ ತಗ್ಗಿನ ಸ್ವರಗಳನ್ನು ಸರಿಯಾಗಿ ಹಿಡಿಯುವುದಿಲ್ಲ; ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ.

ಆದ್ದರಿಂದ ಆಂಪ್‌ನಲ್ಲಿ ಮಾಸ್ಟರ್ ವಾಲ್ಯೂಮ್ ಬೇರೆಯಾಗಿದ್ದರೆ ಅದನ್ನು ಇಳಿಸಿ, ಮೊದಲ ವಾಲ್ಯೂಮ್ ಅಥವಾ ಗೇನ್ ನಾಬನ್ನು 5ರಿಂದ 6ಕ್ಕೆ ಏರಿಸಿ. ಪ್ರೆಸೆನ್ಸ್ (ಅತಿ ಎತ್ತರದ ಸ್ವರಗಳನ್ನು ಏರಿಸುವ ನಾಬ್) ಇದ್ದರೆ ಸೊನ್ನೆಗೆ ತನ್ನಿ. ಬಾಸ್ (ತಗ್ಗಿನ ಸ್ವರ) 4, ಮಿಡ್ (ನಡುವಿನ ಸ್ವರ) 7, ಟ್ರೆಬಲ್ (ಎತ್ತರದ ಸ್ವರ) 3ರಲ್ಲಿಟ್ಟು ಆರಂಭಿಸಿ, ಬಾರಿಸಿದ ಏಟು ಸ್ಪಷ್ಟವಾಗಿ ಕೇಳುವಷ್ಟು ಮಾತ್ರ ಟ್ರೆಬಲನ್ನು ಏರಿಸಿ. ಈ ಅಂಕಿಗಳು ಶಾಸನವಲ್ಲ, ಕೇಳಿ ತಿದ್ದಿಕೊಳ್ಳಬೇಕಾದ ಆರಂಭ ಮಾತ್ರ. ಮೂರೂ ನಾಬುಗಳು ಒಂದೇ ಜಾಲಕ್ಕೆ ಸೇರಿರುವುದರಿಂದ ಒಂದನ್ನು ತಿರುಗಿಸಿದರೆ ಉಳಿದೆರಡರ ನಡತೆಯೂ ಬದಲಾಗುತ್ತದೆ. ಹಳೆಯ ರಾಕ್ ನಾದದಲ್ಲಿ ಟ್ರೆಬಲ್ ಕಡಿಮೆ ಎಂದು ಬಹಳ ಜನ ಭಾವಿಸಿದ್ದಾರೆ. ಅಲ್ಲಿ ಹೆಚ್ಚಾಗಿರುವುದು ಮಿಡ್. ಅದು ತುಂಬಿಕೊಂಡಾಗ ಟ್ರೆಬಲ್ ತಾನಾಗಿಯೇ ಹಿಂದೆ ಸರಿದಂತೆ ಕೇಳಿಸುತ್ತದೆ.

ಇನ್ನು ಗಿಟಾರ್. ಸ್ಟ್ರ್ಯಾಟೊಕಾಸ್ಟರ್‌ನ ಮೂಲ ವೈರಿಂಗ್‌ನಲ್ಲಿ ಎರಡು ಟೋನ್ ನಾಬುಗಳಿದ್ದರೂ ಬ್ರಿಜ್ ಪಿಕಪ್‌ಗೆ ಒಂದೂ ಸೇರಿರುವುದಿಲ್ಲ. ಎಲ್ಲಕ್ಕಿಂತ ಚೂಪಾದ ಪಿಕಪ್‌ಗೇ ಕಡಿವಾಣವಿಲ್ಲ ಎಂದಾಯಿತು. ಆಯ್ಕೆಯ ಸ್ವಿಚ್‌ನಲ್ಲಿ ಒಂದು ತುಂಡು ತಂತಿ ಬೆಸೆದು ಕೆಳಗಿನ ಟೋನ್ ನಾಬನ್ನು ಬ್ರಿಜ್‌ಗೂ ಸೇರಿಸಬಹುದು; ಹತ್ತು ನಿಮಿಷದ ಕೆಲಸ. ನನ್ನ ಬಳಿ ಬರುವ ಇಂಥ ಗಿಟಾರ್‌ಗಳಿಗೆ ನಾನು ಮೊದಲು ಮಾಡುವುದೇ ಇದನ್ನು, ಇದರಿಂದ ಸಿಗುವಷ್ಟು ಪ್ರಯೋಜನ ಸಾವಿರಾರು ರೂಪಾಯಿಯ ಪೆಡಲ್‌ನಿಂದಲೂ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಬ್ರಿಜ್ ಪಿಕಪ್‌ನ ಸ್ಕ್ರೂ ತಿರುಗಿಸಿ, ಸಣ್ಣ ತಂತಿಗಳ ಬದಿಯನ್ನು ಒಂದು ಮಿಲಿಮೀಟರಿನಷ್ಟು ಕೆಳಗಿಳಿಸಿಯೂ ನೋಡಿ.

ನೀವು ಎಷ್ಟು ಉದ್ದದ ಕೇಬಲ್ ಬಳಸುತ್ತಿದ್ದೀರಿ, ನಡುವೆ ಪೆಡಲ್ ಅಥವಾ ವೈರ್‌ಲೆಸ್ ಇದೆಯೇ ಎಂಬುದನ್ನು ತಿಳಿಸಿ.

ಪ್ರಶ್ನೆ ಕೇಳಿದವರು:

ಸರ್, ನೀವು ಹೇಳಿದ ಪರೀಕ್ಷೆ ಮಾಡಿದೆ. ಪಕ್ಕಕ್ಕೆ ಸರಿದಾಗ ಅರ್ಧದಷ್ಟು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಗೇನ್ 6, ಮಾಸ್ಟರ್ 1 ಮಾಡಿದ ಮೇಲೆ ಇನ್ನಷ್ಟು ಹಿತವಾಯಿತು. ಕೇಬಲ್ ಎಂದರೆ, ಕುಣಿದಾಡಿ ನುಡಿಸಲು ಅನುಕೂಲವೆಂದು ವೈರ್‌ಲೆಸ್ ತೆಗೆದುಕೊಂಡಿದ್ದೇನೆ. ಟ್ರಾನ್ಸ್‌ಮಿಟರ್ ಗಿಟಾರ್‌ನ ಜ್ಯಾಕ್‌ಗೇ ಸಿಕ್ಕಿಸುವಂಥದ್ದು.

ಉತ್ತರ:

ಉಳಿದರ್ಧಕ್ಕೆ ಕಾರಣ ಅಲ್ಲಿಯೇ ಇದೆ ಎಂದು ಧೈರ್ಯವಾಗಿ ಹೇಳಬಲ್ಲೆ. ಸಾಧಾರಣ ಗಿಟಾರ್ ಕೇಬಲ್‌ಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ, ಅಂದರೆ ಕೇಬಲ್ಲೇ ಒಂದು ಪುಟ್ಟ ಕೆಪಾಸಿಟರಿನಂತೆ ವರ್ತಿಸುತ್ತದೆ. ಪಿಕಪ್‌ನ ಸುರುಳಿ ಮತ್ತು ಈ ಕೆಪಾಸಿಟೆನ್ಸ್ ಸೇರಿ ಒಂದು ನಿರ್ದಿಷ್ಟ ಆವರ್ತನದಲ್ಲಿ ಉಬ್ಬನ್ನು ಸೃಷ್ಟಿಸುತ್ತವೆ. ಗಿಟಾರ್‌ನ ‘ಬಣ್ಣ’ ಎಂದು ನಾವು ಕರೆಯುವುದರ ಬಹುಪಾಲು ಆ ಉಬ್ಬೇ. ನಿಮ್ಮಂಥ ಪಿಕಪ್‌ಗೆ 3 ಮೀಟರ್ ಕೇಬಲ್ ಹಾಕಿದರೆ ಉಬ್ಬು ಸುಮಾರು 5000 ಹರ್ಟ್ಜ್‌ನ ಬಳಿ ಇದ್ದರೆ, 6 ಮೀಟರಿನ ಕೇಬಲ್‌ಗೆ ಅದು 4000ಕ್ಕಿಂತ ಕೆಳಗೆ ಇಳಿದು, ಅಲ್ಲಿಂದ ಮೇಲಿನದ್ದೆಲ್ಲ ತಗ್ಗುತ್ತದೆ. 1960–70ರ ದಶಕದಲ್ಲಿ ಅನೇಕರು ಬಳಸುತ್ತಿದ್ದದ್ದು ಟೆಲಿಫೋನ್ ವೈರಿನಂತೆ ಸುರುಳಿ ಸುತ್ತಿದ ಉದ್ದನೆಯ ಕೇಬಲ್‌ಗಳನ್ನು. ಅವುಗಳ ಕೆಪಾಸಿಟೆನ್ಸ್ ಇನ್ನೂ ಹೆಚ್ಚು. ಜ್ಯಾಕ್‌ಗೇ ಸಿಕ್ಕಿಸುವ ಟ್ರಾನ್ಸ್‌ಮಿಟರ್‌ನಲ್ಲಿ ಕೇಬಲ್ಲೇ ಇಲ್ಲದ ಕಾರಣ ಉಬ್ಬು ಇನ್ನೂ ಮೇಲಕ್ಕೆ ಏರಿ, ಆ ಕಾಲದವರ ಆಂಪ್‌ಗೆ ಎಂದೂ ತಲುಪದಿದ್ದ ಸ್ವರಗಳೆಲ್ಲ ನಿಮ್ಮ ಆಂಪ್‌ಗೆ ತಲುಪುತ್ತಿವೆ. ಕೆಲವು ವೈರ್‌ಲೆಸ್ ಸೆಟ್‌ಗಳಲ್ಲಿ ‘ಕೇಬಲ್ ಟೋನ್’ ಎಂಬ ಆಯ್ಕೆ ಇರುತ್ತದೆ, ನಿಮ್ಮದರಲ್ಲಿದ್ದರೆ ಹಾಕಿ. ಮನೆಯಲ್ಲಿ ಅಭ್ಯಾಸ ಮಾಡುವಾಗ ಮಾತ್ರ 6 ಮೀಟರಿನ ಸಾಧಾರಣ ಕೇಬಲ್ಲನ್ನೇ ಬಳಸಿ. ಪೆಡಲ್‌ಗಳ ಸಾಲಿನಲ್ಲಿ ಮೊದಲನೆಯದಕ್ಕೆ ಬಫರ್ (ಗಿಟಾರನ್ನು ಮುಂದಿನ ಕೇಬಲ್ಲಿನ ಪ್ರಭಾವದಿಂದ ಬೇರ್ಪಡಿಸುವ ಸರ್ಕ್ಯೂಟ್) ಇದ್ದರೂ ಅಲ್ಲಿಂದ ಮುಂದಿನ ಕೇಬಲ್ಲಿನ ಉದ್ದ ಗಿಟಾರ್‌ಗೆ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ನೆನಪಿರಲಿ.

ಮತ್ತೊಂದು ಮಾತು. ಗೇನ್ ಏರಿಸಿದ ಮೇಲೆ ಗಿಟಾರ್‌ನ ವಾಲ್ಯೂಮನ್ನು 7ಕ್ಕೆ ಇಳಿಸಿ ನುಡಿಸಿ ನೋಡಿ. ಪಾಟ್ ಇಳಿದಾಗ ಕೇಬಲ್ಲಿನ ಕೆಪಾಸಿಟೆನ್ಸ್ ಎತ್ತರದ ಸ್ವರಗಳನ್ನು ಇನ್ನಷ್ಟು ತಿನ್ನುತ್ತದೆ, ವಾಲ್ವ್‌ನಲ್ಲಿ ನಾದ ಒಡೆಯುವುದೂ ಸ್ವಲ್ಪ ಕಡಿಮೆಯಾಗುತ್ತದೆ. ಸೋಲೋ ಬಂದಾಗ ಕಿರುಬೆರಳಿನಲ್ಲಿ ಅದೇ ನಾಬನ್ನು 10ಕ್ಕೆ ತಿರುಗಿಸಿದರೆ ಸಾಕು, ಪೆಡಲ್ ತುಳಿಯಬೇಕಿಲ್ಲ. ಆ ಕಾಲದ ವಾದಕರ ಕೈಚಳಕದ ದೊಡ್ಡ ಪಾಲು ಇದು, ಇದನ್ನು ಕಲಿಯದೆ ಬರೀ ಉಪಕರಣ ಬದಲಿಸುತ್ತ ಹೋಗುವವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಇನ್ನೊಬ್ಬ ಸದಸ್ಯರು (ಚಿತ್ರದುರ್ಗ):

ಸರ್, ನಾನು ರಸಮಂಜರಿ ಕಾರ್ಯಕ್ರಮಗಳಲ್ಲಿ ಗಿಟಾರ್ ನುಡಿಸುತ್ತೇನೆ. ಆಂಪ್ ಒಯ್ಯುವುದಿಲ್ಲ, ಡಿಸ್ಟಾರ್ಷನ್ ಪೆಡಲ್‌ನಿಂದ ನೇರವಾಗಿ ಮಿಕ್ಸರ್‌ಗೆ ಕೊಡುತ್ತೇನೆ. ಜೇನುಹುಳ ಗುಂಯ್‌ಗುಟ್ಟಿದಂತೆ ಕೇಳಿಸುತ್ತದೆ. ಮಿಕ್ಸರ್‌ನಲ್ಲಿ ಹೈ ಇಳಿಸಿದರೂ ಹೋಗುವುದಿಲ್ಲ.

ಉತ್ತರ:

ಗಿಟಾರ್ ಸ್ಪೀಕರ್ ಸುಮಾರು 5000 ಹರ್ಟ್ಜ್‌ನಿಂದಾಚೆಗೆ ಸದ್ದನ್ನು ಕಡಿದಾಗಿ ಇಳಿಸಿಬಿಡುತ್ತದೆ, ಅದೊಂದು ಜರಡಿಯಿದ್ದಂತೆ. ಸಭೆಯ ಸೌಂಡ್ ಬಾಕ್ಸ್‌ಗಳಲ್ಲಿ ಟ್ವೀಟರ್ ಅಥವಾ ಹಾರ್ನ್ ಇರುವುದರಿಂದ ಅವು ಅದರ ಎರಡು ಮೂರು ಪಟ್ಟು ಮೇಲಿನದ್ದನ್ನೂ ಚೊಕ್ಕವಾಗಿ ಕೇಳಿಸುತ್ತವೆ. ಗಿಟಾರ್‌ನ ಅತಿ ಸಣ್ಣ ತಂತಿಯನ್ನು ಬಿಡಿಯಾಗಿ ಮೀಟಿದರೆ 330 ಹರ್ಟ್ಜ್, 12ನೆಯ ಫ್ರೆಟ್‌ನಲ್ಲಿ 659. ಸ್ವರದ ಮೂಲ ಅಷ್ಟು ಕೆಳಗಿದೆ. ನಿಮಗೆ ಕೇಳಿಸುವ ಜೇನುಹುಳ ಡಿಸ್ಟಾರ್ಷನ್ ಹುಟ್ಟಿಸಿದ ಉಪಸ್ವರಗಳು. ಅನೇಕ ಮಿಕ್ಸರ್‌ಗಳ ಹೈ ನಾಬ್ 12000 ಹರ್ಟ್ಜ್‌ನ ಸುತ್ತ ಕೆಲಸ ಮಾಡುತ್ತದೆ, ನಿಮ್ಮ ತೊಂದರೆ ಅದಕ್ಕಿಂತ ಬಹಳ ಕೆಳಗಿದೆ. ಪೆಡಲ್‌ನ ನಂತರ ಕ್ಯಾಬಿನೆಟ್ ಸಿಮ್ಯುಲೇಟರ್ (ಗಿಟಾರ್ ಸ್ಪೀಕರಿನ ಜರಡಿಯನ್ನು ಅನುಕರಿಸುವ ಸಾಧನ) ಹಾಕಿ, ಅಥವಾ ಡಿಜಿಟಲ್ ಮಿಕ್ಸರ್ ಇದ್ದರೆ ನಿಮ್ಮ ಚಾನೆಲ್‌ಗೆ 5000 ಹರ್ಟ್ಜ್‌ನಲ್ಲಿ ಲೋ ಪಾಸ್ (ಅದಕ್ಕಿಂತ ಮೇಲಿನದ್ದನ್ನು ತಗ್ಗಿಸುವ ಫಿಲ್ಟರ್) ಹಾಕಲು ಸೌಂಡ್‌ನವರಿಗೆ ಹೇಳಿ. ಪೆಡಲ್‌ನ ಮೊದಲು ಟ್ರೆಬಲ್ ಇಳಿಸಿದರೆ ಬಾರಿಸುವ ಏಟಿನ ಚೂಪು ತಗ್ಗುತ್ತದೆಯೇ ಹೊರತು ಈ ಗುಂಯ್‌ಗುಡುವುದು ಹೋಗದು. ಅದನ್ನು ನಂತರವೇ ಕತ್ತರಿಸಬೇಕು.

ಪ್ರಶ್ನೆ ಕೇಳಿದವರು:

ಸರ್, ಕೇಬಲ್ ಹಾಕಿದ ಮೇಲೆ ಬಹಳ ವ್ಯತ್ಯಾಸವಾಗಿದೆ. ಮೊದಲ ಬಾರಿಗೆ ನೆಕ್ ಪಿಕಪ್‌ನಲ್ಲಿ (ಗಿಟಾರ್‌ನ ಕತ್ತಿನ ಬಳಿಯದು) ನಾನು ಬಯಸಿದ ನಾದ ಸಿಕ್ಕಿತು. ಬ್ರಿಜ್‌ನಲ್ಲಿ ಇನ್ನೂ ತುಸು ಖಾರ ಉಳಿದಿದೆ. ಬ್ರೈಟ್ ಕೆಪಾಸಿಟರ್ ತೆಗೆಯುವುದನ್ನು ವೀಡಿಯೊ ನೋಡಿ ನಾನೇ ಮಾಡಬಹುದೇ? ಕೋಣೆಗೆ ಟೈಲ್ಸ್ ಹಾಕಿಸಿದ್ದೇವೆ. ಆಂಪ್ ಮೇಲೆ ದಪ್ಪ ಬಟ್ಟೆ ಹೊದಿಸಿದರೆ ಹೇಗೆ?

ಉತ್ತರ:

ಎರಡೂ ಬೇಡ. ವಾಲ್ವ್ ಆಂಪ್‌ನ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ 300–400 ವೋಲ್ಟ್ ಉಳಿದಿರಬಹುದು, ಅದು ಜೀವ ತೆಗೆಯಬಲ್ಲದು. ಹಳೆಯ ವಾಲ್ವ್ ರೇಡಿಯೊ ರಿಪೇರಿ ಬಲ್ಲ ಮೆಕ್ಯಾನಿಕ್ ಯಾರಾದರೂ ಆ ವಿದ್ಯುತ್ತನ್ನು ಮೊದಲು ಖಾಲಿ ಮಾಡಿ, ಕೆಪಾಸಿಟರಿನ ಒಂದು ಕಾಲನ್ನು ಮಾತ್ರ ಬಿಡಿಸಿಕೊಡುತ್ತಾರೆ. ಅದನ್ನು ಕಿತ್ತು ಎಸೆಯದೆ ಅಲ್ಲೇ ಬಿಡಲು ಹೇಳಿ. ಬೇಡವೆನಿಸಿದರೆ ಮತ್ತೆ ಬೆಸೆಯಬಹುದು. ಪೂರ್ತಿ ತೆಗೆದಾಗ ಮಂಕೆನಿಸಿದರೆ ಅದರ ಜಾಗಕ್ಕೆ 100 ಪಿಕೋಫ್ಯಾರಡ್‌ನಂಥ ಚಿಕ್ಕದನ್ನು ಹಾಕಿಸಿ. ಸ್ಪೀಕರ್ ಬಿಡಿಸಿದ ಸ್ಥಿತಿಯಲ್ಲಿ ಆಂಪ್ ಅನ್ನು ಎಂದಿಗೂ ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಬಟ್ಟೆ ಹೊದಿಸಿದರೆ ವಾಲ್ವ್‌ಗಳ ಶಾಖ ಹೊರಹೋಗದು. ಹೊದಿಸಬೇಕಾದದ್ದು ಕೋಣೆಗೆ. ಬರಿಯ ಗೋಡೆ, ಟೈಲ್ಸ್, ಆರ್‌ಸಿಸಿ ಛಾವಣಿ ಈ ಮೂರೂ ಎತ್ತರದ ಸ್ವರಗಳನ್ನು ಹಾಗೆಯೇ ಹಿಂದಕ್ಕೆ ಎಸೆಯುತ್ತವೆ. ನಮ್ಮ ನೆರೆಯ ಚಳ್ಳಕೆರೆಯ ಉಣ್ಣೆ ಕಂಬಳಿ ಎರಡನ್ನು ತಂದು, ಒಂದನ್ನು ಸ್ಪೀಕರಿನ ಎದುರಿನ ಗೋಡೆಗೆ ನಾಲ್ಕು ಬೆರಳು ಅಂತರ ಬಿಟ್ಟು ತೂಗುಹಾಕಿ, ಇನ್ನೊಂದನ್ನು ನೆಲಕ್ಕೆ ಹಾಸಿ. ನನ್ನ ಕೆಲಸದ ಕೋಣೆಯಲ್ಲೂ ಹೀಗೆಯೇ ಇದೆ. ಚಪ್ಪಾಳೆ ತಟ್ಟಿದರೆ ಬರುತ್ತಿದ್ದ ಟಣ್ ಎಂಬ ಮರುದನಿ ಕಂಬಳಿ ಕಟ್ಟಿದ ದಿನವೇ ನಿಂತಿತು.

ಟೋನ್ ನಾಬ್‌ನ ವೈರಿಂಗ್ ಮತ್ತು ಕೆಪಾಸಿಟರ್ ಎರಡೂ ಆದ ಮೇಲೂ ಬ್ರಿಜ್‌ನ ಖಾರ ಉಳಿದರೆ ಆಗ ಸ್ಪೀಕರ್ ಬಗ್ಗೆ ಯೋಚಿಸೋಣ. ಸೆಲೆಸ್ಟಿಯನ್‌ನ 25 ವ್ಯಾಟ್ ಗ್ರೀನ್‌ಬ್ಯಾಕ್ ನಿಮ್ಮ 15 ವ್ಯಾಟ್‌ಗೆ ಸಾಕಾಗುತ್ತದೆ, ಅದರ ಮೇಲುಸ್ವರಗಳೂ ಮೃದು. ಕೊಳ್ಳುವ ಮುನ್ನ ಆಂಪ್‌ನ ಹಿಂಬದಿಯಲ್ಲಿ 8 ಓಮ್ ಎಂದಿದೆಯೋ 16 ಓಮ್ ಎಂದಿದೆಯೋ ನೋಡಿಕೊಂಡು ಅದಕ್ಕೆ ಹೊಂದುವುದನ್ನೇ ತೆಗೆದುಕೊಳ್ಳಿ.

ಪ್ರಶ್ನೆ ಕೇಳಿದವರು:

ಧನ್ಯವಾದಗಳು ಸರ್. ಭಾನುವಾರ ಗಿಟಾರ್ ತೆಗೆದುಕೊಂಡು ನಿಮ್ಮ ಅಂಗಡಿಗೆ ಬರಬಹುದೇ?

ಉತ್ತರ:

ಬನ್ನಿ, ಹತ್ತು ಗಂಟೆಯ ನಂತರ ಇರುತ್ತೇನೆ. ಆಂಪ್ ಅನ್ನೂ ತನ್ನಿ. ನೀವು ಮನೆಯಲ್ಲಿ ಬಳಸುವ ಕೇಬಲ್ಲನ್ನು ಮಾತ್ರ ಮರೆಯದೆ ಜೊತೆಗೆ ತನ್ನಿ.